ಹತ್ತೊಂಬತ್ತು ಇದೆ, ಒಂದು ಇಲ್ಲ

ಭಾವ ಎಡಗೆನ್ನೆಯ ಮೇಲೆ ಎರಡು ಸಲ ರೇಜರ್ ಎಳೆದು ಕೈ ನಿಲ್ಲಿಸಿದರು. ಕನ್ನಡಿಯಲ್ಲಿ ತಮ್ಮ ಮುಖವನ್ನು ಬೇರೆ ಯಾರದೋ ಮುಖವೆಂಬಂತೆ ದಿಟ್ಟಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ, "ಇದು ನಿನ್ನೆಯ ಬ್ಲೇಡಲ್ಲ" ಅಂದರು.

ನಾನು ಬಚ್ಚಲಿನ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದೆ. ತಕ್ಷಣ ಲೋಟವನ್ನು ಬಾಯಿಗೆ ಅಡ್ಡ ಹಿಡಿದೆ. ಮುಖ ಮುಚ್ಚಿಕೊಳ್ಳಲು ಸದ್ಯಕ್ಕೆ ಸಿಕ್ಕಿದ್ದು ಅದೊಂದೇ.

ಅಕ್ಕನ ಗಂಡ ಮೂವತ್ತೆರಡು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅಟೆಂಡರಾಗಿದ್ದವರು. ರೋಗಿಗಳ ಮೈಕೂದಲು ಬೋಳಿಸುವುದರಿಂದ ಶುರುಮಾಡಿ, ಕತ್ತರಿ ಚಿಮಟ ತೊಳೆಯುವುದು, ಕುದಿಸುವುದಕ್ಕೆ ಬಡ್ತಿ ಪಡೆದು, ಕೊನೆಗೆ ನರ್ಸಮ್ಮನ ಜೊತೆ ನಿಂತು ಎಣಿಸುವವರಾದರು. ಒಳಗೆ ಎಷ್ಟು ಸೂಜಿ ಹೋಯಿತೋ ಅಷ್ಟೂ ಹೊರಗೆ ಬರಬೇಕು, ಆಮೇಲೆಯೇ ಹೊಲಿಗೆ. ಒಮ್ಮೆ ಒಂದು ಸೂಜಿ ಕಡಿಮೆ ಬಿತ್ತು. ದೊಡ್ಡ ಡಾಕ್ಟರಿಗೆ ಅವಸರ. "ನೀನೇ ತಪ್ಪು ಎಣಿಸಿದ್ದೀಯ, ಸರಿ ಆಚೆ" ಅಂದರಂತೆ. ಭಾವ ಆಚೆ ಸರಿಯಲಿಲ್ಲ. "ಹೊಲೀಬೇಡಿ ಸಾರ್. ಯಾರೂ ನಿಂತ ಜಾಗ ಬಿಡಬೇಡಿ" ಅಂದರಂತೆ. ಹನ್ನೊಂದು ನಿಮಿಷದ ಮೇಲೆ ಸೂಜಿ ಸಿಕ್ಕಿದ್ದು ಆ ಡಾಕ್ಟರ ಚಪ್ಪಲಿಯ ಅಡಿಯಲ್ಲೇ. ಅಂದಿನಿಂದ ಆಸ್ಪತ್ರೆಯಲ್ಲಿ ಅವರ ಹೆಸರು 'ಎಣಿಕೆಯಪ್ಪ' ಎಂದಾಯಿತು.

ಆ ಡಾಕ್ಟರು ನಿವೃತ್ತರಾಗುವ ದಿನ, ಪೆಟ್ಟಿಗೆಯಿಂದ ನೇರ ಬ್ಲೇಡು ತಳ್ಳಿ ತುಂಬುವ ತಮ್ಮ ಹಳೆಯ ಇಂಜೆಕ್ಟರ್ ರೇಜರನ್ನೂ, ಬೀರುವಿನಲ್ಲಿ ಕೂಡಿಟ್ಟಿದ್ದ ಬ್ಲೇಡುಗಳನ್ನೂ ಭಾವನ ಕೈಗೆ ಹಾಕಿ ಹೋದರು. ಈಗ ಅಂಥ ಬ್ಲೇಡು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಭಾನುವಾರ ಮಾತ್ರ ಭಾವ ಇನ್ನೊಂದು ರೇಜರ್ ತೆಗೆಯುತ್ತಾರೆ, ಮುಚ್ಚಳ ಎತ್ತಿ ದಪ್ಪ ಬೆನ್ನಿನ ಒಂದೇ ಅಲಗಿನ ಬ್ಲೇಡು ಕೂರಿಸುವಂಥದ್ದು. ಮಿಕ್ಕ ಆರು ದಿನ ಡಾಕ್ಟರದು. ಬಿಸಿನೀರಿನ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಳ್ಳುವುದು, ಬಟ್ಟಲಿನಲ್ಲಿ ಸೋಪನ್ನು ಬ್ರಷ್ಷಿನಿಂದ ಮೊಸರಿನಷ್ಟು ಗಟ್ಟಿಯಾಗುವ ತನಕ ತಿರುವುವುದು, ಮೇಲಿಂದ ಕೆಳಗೊಮ್ಮೆ, ಅಡ್ಡಡ್ಡ ಒಮ್ಮೆ, ಕೆಳಗಿಂದ ಮೇಲೊಮ್ಮೆ ಎಳೆಯುವುದು. ಆ ಇಪ್ಪತ್ತು ನಿಮಿಷ ಅವರು ಸುಖವಾಗಿರುತ್ತಾರೆ. ಬ್ಲೇಡು ಗಡ್ಡ ಕತ್ತರಿಸುವ ಚರಚರ ಸದ್ದು ಕೇಳಬೇಕೆಂದು ನಲ್ಲಿಯನ್ನೂ ನಿಲ್ಲಿಸಿಬಿಡುತ್ತಾರೆ. ನಾನು ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರಿಗೆ ಅವರು ಇಟ್ಟ ಹೆಸರು 'ಐಸ್‌ಕ್ರೀಮ್ ಕಡ್ಡಿ'.

ಮೊನ್ನೆ ನಾನು ಅಕ್ಕನ ಮನೆಗೆ ಎರಡು ದಿನಕ್ಕೆ ಬಂದಾಗ ಆ ಐಸ್‌ಕ್ರೀಮ್ ಕಡ್ಡಿಯನ್ನು ಮರೆತಿದ್ದೆ. ಅಕ್ಕನ ಮಗಳು ಹತ್ತು ತಿಂಗಳ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ನಿನ್ನೆ ಮಧ್ಯಾಹ್ನ ಎಲ್ಲರೂ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಮನೆಯಲ್ಲಿ ನಾನೊಬ್ಬನೇ, ಗೂಡಿನಲ್ಲಿ ರೇಜರೊಂದೇ. ನಡುಮನೆಯ ಕಿಟಕಿಯ ಕಟ್ಟೆ ಮೇಲೆ ಕೂತು, ಕೈಗನ್ನಡಿ ಆನಿಸಿಟ್ಟು ಗಲ್ಲಕ್ಕೆ ಎಳೆದೆ. ಬರಲಿಲ್ಲ. ತಪ್ಪು ನನ್ನ ಕೈಯದೆಂದು ಹೊಳೆಯುವ ಜಾಯಮಾನ ನನ್ನದಲ್ಲ, ಬ್ಲೇಡು ಮೊಂಡೆಂದುಕೊಂಡೆ. ಹೊಸದು ತುಂಬುವುದನ್ನು ಎಷ್ಟೋ ಸಲ ನೋಡಿದ್ದೆನಲ್ಲ. ಹೆಬ್ಬೆಟ್ಟಿನಗಲದ ಒಂದು ಚಪ್ಪಟೆ ಪೆಟ್ಟಿಗೆ, ಒಳಗೆ ಇಪ್ಪತ್ತು ಬ್ಲೇಡು. ಅದರ ಮೂತಿಯನ್ನು ರೇಜರಿನ ತಲೆಗೆ ಸಿಕ್ಕಿಸಿ ಬೆರಳಿನಿಂದ ತಳ್ಳಿದರೆ ಒಂದು ಒಳಗೆ ಹೋಗುತ್ತದೆ. ತಳ್ಳಿದೆ. 'ಟಿಕ್' ಅಂತ ಒಂದು ಸಣ್ಣ ಸದ್ದಾಯಿತು. ಬ್ಲೇಡು ಕೂತ ಸದ್ದೆಂದುಕೊಂಡೆ. ಅಷ್ಟರಲ್ಲಿ ಗೇಟು ಸದ್ದಾಯಿತು. ಅರ್ಧ ಗಡ್ಡದಲ್ಲೇ ಎಲ್ಲವನ್ನೂ ಒರೆಸಿ ಗೂಡಿಗೆ ಸೇರಿಸಿದೆ.

ಹೊಸದು ಒಂದು ಕಡೆಯಿಂದ ಒಳಗೆ ಹೋದರೆ ಹಳೆಯದು ಇನ್ನೊಂದು ಕಡೆಯಿಂದ ಹೊರಗೆ ಬೀಳಲೇಬೇಕು. ಭಾವ ಯಾವಾಗಲೂ ಅದನ್ನು ತಗಡಿನ ಡಬ್ಬಿಯ ಮೇಲೆ ಹಿಡಿದು ತಳ್ಳುತ್ತಿದ್ದದ್ದು ಅದಕ್ಕೇ. ನಾನು ಅದೇನೋ ಅವರ ಶೋಕಿ ಅಂದುಕೊಂಡಿದ್ದೆ.

ಈಗ ಬಚ್ಚಲಿನಲ್ಲಿ ಭಾವ ಸೋಪು ಮೆತ್ತಿದ ಮುಖದಲ್ಲೇ ಆ ಡಬ್ಬಿಯನ್ನು ತಟ್ಟೆಗೆ ಸುರಿದರು. "ಆರು ದಿನ ಓಡಿದ್ದು ಹಳೇ ಗೆಳೆಯನ ಹಾಗೆ ಸವರಿಕೊಂಡು ಹೋಗುತ್ತೆ. ಇದು ಹೊಸ ಆಫೀಸರ್ ಥರ ಕಚ್ತಾ ಇದೆ" ಎನ್ನುತ್ತ ಎಣಿಸಿದರು. ಹಳೆಯವು ಹನ್ನೊಂದು. ಪೆಟ್ಟಿಗೆಯ ಸೀಳಿನಲ್ಲಿ ಸೂಜಿಮೊನೆ ಆಡಿಸಿ ಎಣಿಸಿದರು. ಹೊಸವು ಏಳು. ರೇಜರಿನಲ್ಲಿ ಒಂದು.

"ಹತ್ತೊಂಬತ್ತು ಇದೆ, ಒಂದು ಇಲ್ಲ."

ದನಿ ಏರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಅವರು ನಡುಮನೆಗೆ ಬಂದರು. ಮಗು ನೆಲದ ಮೇಲೆ ನಾಲ್ಕೂ ಕೈಕಾಲು ಊರಿಕೊಂಡು ಕುರ್ಚಿಯ ಅಡಿಗೆ ಹೊರಟಿತ್ತು.

"ಕೂಸನ್ನ ಎತ್ಕೋ" ಎಂದರು ಮಗಳಿಗೆ. "ಎತ್ಕೊಂಡು ಅಲ್ಲೇ ನಿಲ್ಲು. ಇವಳೇ, ನೀನೂ ಕೈಲಿರೋದು ಬಿಟ್ಟು ಬಾ. ಯಾರೂ ಏನೂ ಮುಟ್ಟಬೇಡಿ. ಮನೆಯೊಳಗೆ ಒಂದು ಬ್ಲೇಡು ಬಿದ್ದಿದೆ."

"ಬಟ್ಟೆ ನೆನೆಸಿ ಕೂತಿದೀನಿ ರೀ, ಒಗೆದು ಬರ್ತೀನಿ" ಎಂದಳು ಅಕ್ಕ ಹಿತ್ತಿಲಿನಿಂದ.

"ಬಾ ಅಂದೆ."

ಅಕ್ಕ ಬಂದಳು. ಭಾವ ಮಂಡಿಯೂರಿ ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿದು ಅಂಗುಲ ಅಂಗುಲವಾಗಿ ಸರಿಯತೊಡಗಿದರು. ಸೋಪಿನ ನೊರೆ ಒಣಗಿ ಮುಖದ ಮೇಲೆ ಬಿರುಕು ಬಿಡುತ್ತಿತ್ತು. ಒಂದೇ ವಾಕ್ಯ ಹೇಳಿಬಿಟ್ಟರೆ ಮುಗಿಯುತ್ತದೆ. ಆ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದೆ. ಬರೆದು ತಿದ್ದುವುದೇ ನನ್ನ ಕಸುಬಾದ್ದರಿಂದ ಮೂರೂ ಸಲ ಅದು ಚೆನ್ನಾಗಿಯೇ ಬಂತು, ಬಾಯಿಂದ ಮಾತ್ರ ಹೊರಡಲಿಲ್ಲ. ಈಗ ಸಿಗುತ್ತದೆ, ಇನ್ನೊಂದು ನಿಮಿಷದಲ್ಲಿ ಸಿಗುತ್ತದೆ, ಸಿಕ್ಕಮೇಲೆ ಯಾರದೆಂದು ಯಾರು ಕೇಳುತ್ತಾರೆ ಎಂದು ಕಾದೆ.

"ಅಪ್ಪಾ" ಎಂದಳು ಅಕ್ಕನ ಮಗಳು. "ಇವಳ ಬಾಯಲ್ಲಿ ಏನೋ ಇದೆ."

ಮಗು ಏನನ್ನೋ ಚೀಪುತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಿಕೊಂಡು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಭಾವ ಎದ್ದರು. ಮೊಣಕಾಲು ಕಟಕಟ ಅಂದಿತು. ಮಗುವಿನ ಎರಡೂ ಕೆನ್ನೆಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಮೆಲ್ಲಗೆ ಒತ್ತಿ ಬಾಯಿ ತೆರೆಸಿ, ಕಿರುಬೆರಳು ಹಾಕಿದರು.

ಹೊರಬಂದದ್ದು ನೆನೆದು ಮುದ್ದೆಯಾದ ಬಸ್ ಟಿಕೆಟ್ಟಿನ ಚೂರು.

ಅಕ್ಕ ಗೋಡೆಗೆ ಒರಗಿ ಕೂತೇಬಿಟ್ಟಳು. ನನ್ನ ಬಾಯಿಗೆ ಹಾಕಿದ್ದ ಬೀಗ ಆಗ ಕಳಚಿತು.

"ನಾನು ಭಾವ. ನಿನ್ನೆ ನಾನು ನಿಮ್ಮ ರೇಜರ್ ತಗೊಂಡಿದ್ದೆ. ಹಳೇದು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಬೀಳುತ್ತೆ ಅಂತಲೇ ಗೊತ್ತಿರಲಿಲ್ಲ."

ಅಕ್ಕನ ಮಗಳು ಮಗುವನ್ನು ಎದೆಗೆ ಒತ್ತಿಕೊಂಡು, "ಮಾಮ, ಇಷ್ಟು ಹೊತ್ತು ಗೊತ್ತಿದ್ದೂ ನಿಂತಿದ್ಯಾ?" ಎಂದಳು. ಅಷ್ಟೇ. ಅಕ್ಕ ಮಾತ್ರ ಸುಮ್ಮನಿರಲಿಲ್ಲ. "ಚಿಕ್ಕವನಿದ್ದಾಗ ಕನ್ನಡಿ ಒಡೆದು ಹಾಸಿಗೆ ಕೆಳಗೆ ತಳ್ಳಿದವನು ಕಣೇ ಇವನು. ಐವತ್ತೆರಡಾದರೂ ಅದೇ ಬುದ್ಧಿ" ಎಂದಳು.

"ಆಮೇಲೆ ಬಯ್ಯಿ" ಎಂದರು ಭಾವ. ರೇಜರನ್ನೂ ಪೆಟ್ಟಿಗೆಯನ್ನೂ ತಂದು ನನ್ನ ಕೈಗಿಟ್ಟರು. "ನಿನ್ನೆ ಎಲ್ಲಿ ಕೂತಿದ್ದೆಯೋ ಅಲ್ಲೇ ಕೂತ್ಕೋ. ಹೇಗೆ ಹಿಡಿದಿದ್ದೆಯೋ ಹಾಗೇ ಹಿಡಿ. ಬುದ್ಧಿವಂತಿಕೆ ಮಾಡಬೇಡ, ನಿನ್ನೆಯಷ್ಟೇ ದಡ್ಡನಾಗಿರು. ತಳ್ಳು."

"ಇನ್ನೊಂದು ಹೊಸ ಬ್ಲೇಡು ದಂಡ ಆಗುತ್ತಲ್ಲ, ಭಾವ."

"ತಳ್ಳೋ."

ಕಿಟಕಿಯ ಕಟ್ಟೆ ಮೇಲೆ ಕೂತೆ. ಸೂಜಿಗೆ ದಾರ ಪೋಣಿಸುವವನ ಹಾಗೆ ರೇಜರನ್ನು ಎದೆಯ ಮುಂದೆ ಎತ್ತಿಹಿಡಿದು, ಪೆಟ್ಟಿಗೆಯನ್ನು ಆಚೆಯಿಂದ ಸಿಕ್ಕಿಸಿ, ನನ್ನ ಕಡೆಗೇ ತಳ್ಳಿದೆ. ಬ್ಲೇಡು ಹೊರಚಿಮ್ಮಿ ನನ್ನ ಬನಿಯನ್ನಿನ ಎಡ ಎದೆಗೆ ತಗುಲಿ, ಜಾರಿ ಮಡಿಲಿಗೆ ಬಿತ್ತು. ಸದ್ದೇ ಇಲ್ಲ.

ಭಾವ ಅದನ್ನು ಚಿಮಟದಿಂದ ಎತ್ತಿಕೊಂಡರು. "ನಿನ್ನೆ ಬನಿಯನ್ನಿನಲ್ಲೇ ಇದ್ದೆಯಾ?"

"ಇಲ್ಲ. ಶರ್ಟು ಇತ್ತು." ಶರ್ಟು ಬಿಚ್ಚಿಟ್ಟು ಕೂರುವಷ್ಟು ವ್ಯವಧಾನ ಕಳ್ಳನಿಗೆ ಎಲ್ಲಿರುತ್ತದೆ?

"ಜೇಬು?"

"ಎಡಗಡೆ. ಪೆನ್ನಿತ್ತು. ಟಿಕ್ ಅಂದದ್ದು..." ಪೆನ್ನು, ಜೊತೆಗೆ ಬಸ್ ಟಿಕೆಟ್ಟು. ನಿನ್ನೆ ಸಂಜೆ ಇಡೀ ಎರಡು ಗಂಟೆ ಮಗು ನನ್ನ ತೋಳಿನಲ್ಲಿತ್ತು. ಆ ಜೇಬಿಗೆ ಕೈ ಹಾಕುವುದು, ಪೆನ್ನು ಎಳೆಯುವುದು, ನಾನು ವಾಪಸು ಸಿಕ್ಕಿಸುವುದು, ಮತ್ತೆ ಅದು ಎಳೆಯುವುದು. ಅದೇ ನಮ್ಮ ಆಟವಾಗಿತ್ತು. ಮಗು ನಗುತ್ತಿದೆ ನೋಡಿ ಎಂದು ಎಲ್ಲರನ್ನೂ ಕರೆದು ತೋರಿಸಿದ್ದೆ ಬೇರೆ.

"ಆ ಶರ್ಟು ಎಲ್ಲಿ?" ಎಂದರು ಭಾವ.

ಉತ್ತರ ಕೊಟ್ಟದ್ದು ಅಕ್ಕ. ಅವಳ ದನಿ ಇಳಿದುಹೋಗಿತ್ತು. "ಬಕೆಟ್ಟಿನಲ್ಲಿ. ನಾನು ಈಗ ಅದನ್ನೇ ಉಜ್ಜೋಕೆ ಹೊರಟಿದ್ದೆ."

ಹಿತ್ತಿಲಿನಲ್ಲಿ ಬಕೆಟ್ಟಿನ ಸುತ್ತ ನಾವು ನಿಂತೆವು. ಸೋಪಿನ ನೀರಿನಲ್ಲಿ ನನ್ನ ಶರ್ಟು, ಅದರ ಕೆಳಗೆ ಮಗುವಿನ ಟೋಪಿ, ಅಂಗಿ, ಕಾಲುಚೀಲ. ಭಾವ ಕೈ ಹಾಕಲಿಲ್ಲ. ಕಾಲರಿನ ತುದಿಯನ್ನು ಚಿಮಟದಿಂದ ಹಿಡಿದು ಇಷ್ಟಿಷ್ಟೇ ಎತ್ತಿದರು. ಜೇಬು ನೀರು ತುಂಬಿ ಜೋಲುತ್ತಿತ್ತು. ಶರ್ಟನ್ನು ಕಲ್ಲಿನ ಮೇಲೆ ಹಾಸಿ, ಜೇಬಿನ ಹೊಲಿಗೆಯನ್ನು ಕತ್ತರಿಯಿಂದ ಕತ್ತರಿಸಿ, ಬಟ್ಟೆಯನ್ನು ಮಗುಚಿದರು. ಕೆಳಮೂಲೆಯಲ್ಲಿ, ಹೊಲಿಗೆಗೆ ಅಲಗು ಕಚ್ಚಿಕೊಂಡು, ನೆಟ್ಟಗೆ ನಿಂತಿತ್ತು. ಮಗುವಿನ ಬೆರಳು ಇನ್ನೊಂದು ಗೆಣ್ಣಿನಷ್ಟು ಉದ್ದವಿದ್ದಿದ್ದರೆ?

ಭಾವ ಅದನ್ನು ಒರೆಸಿ, ಬಿಸಿಲಿಗೆ ಹಿಡಿದು ಎರಡೂ ತುದಿ ನೋಡಿದರು. ಮುರಿದಿರಲಿಲ್ಲ. ಒಳಗೆ ಹೋಗಿ ಎಲ್ಲವನ್ನೂ ಮತ್ತೆ ತಟ್ಟೆಗೆ ಸುರಿದು ಮೊದಲಿನಿಂದ ಎಣಿಸಿದರು. "ಇಪ್ಪತ್ತು" ಎಂದು ಮಗಳಿಗೆ ಹೇಳಿದರು. ಅವಳು ಮಗುವಿನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ಒಂದು ಗೀರೂ ಇರಲಿಲ್ಲ.

ನನಗೆ ಈಗ ಬಯ್ಗುಳ ಬೇಕಾಗಿತ್ತು. ಭಾವ ಬಯ್ಯಲಿಲ್ಲ. ಬಿಸಿನೀರು ಹಿಡಿದು ತಂದು, "ಆ ಅರ್ಧ ಗಡ್ಡ ನೋಡೋಕಾಗ್ತಿಲ್ಲ, ಕೂತ್ಕೋ" ಎಂದರು.

ಕೂತೆ. ಮುಖಕ್ಕೆ ನೊರೆ ಹಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಗಂಟಲಿನ ಮೇಲೆ ರೇಜರ್ ಇಟ್ಟರು. ಸಾವಿರಾರು ರೋಗಿಗಳು ಇದೇ ಕೈಯ ಕೆಳಗೆ ಹೀಗೇ ಮಲಗಿದ್ದಿರಬೇಕು. ಅವರಾದರೂ ತಪ್ಪು ಮಾಡಿ ಮಲಗಿದವರಲ್ಲ.

"ಭಾವ, ಕೋಪ ಇದೆಯಾ?"

"ಮಾತಾಡಬೇಡ. ಗಂಟಲು ಅಲ್ಲಾಡುತ್ತೆ."

ಹೊಸ ಬ್ಲೇಡೇ ಆದರೂ ಆ ಕೈಯಲ್ಲಿ ಅದು ನನ್ನ ಚರ್ಮದ ಮೇಲೆ ಹೋದದ್ದು ಗೊತ್ತೇ ಆಗಲಿಲ್ಲ. ಚರಚರ ಸದ್ದು ಮಾತ್ರ ಕೇಳುತ್ತಿತ್ತು. ಅವರು ಇಷ್ಟು ವರ್ಷ ಏನನ್ನು ಅನುಭವಿಸುತ್ತಿದ್ದರೆಂದು ನನಗೆ ತಿಳಿದದ್ದು, ಅದಕ್ಕೆ ನಾನು ಕಿಂಚಿತ್ತೂ ಅರ್ಹನಲ್ಲದ ಆ ಬೆಳಿಗ್ಗೆ.

ಅಂದು ಹಗಲೆಲ್ಲ ಮಗು ನನ್ನ ಕೈಗೆ ಬರಲಿಲ್ಲ. ನಾನೂ ಕೇಳಲಿಲ್ಲ. ಸಂಜೆ ನಾನು ಊರಿಗೆ ಹೊರಡಲು ಚೀಲ ಹೆಗಲಿಗೇರಿಸಿದಾಗ ಅಕ್ಕನ ಮಗಳು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಹತ್ತಿರ ಬಂದಳು. ತನ್ನ ಅಪ್ಪನ ಹಾಗೇ, ನನ್ನ ಜೇಬಿಗೆ ಎರಡು ಬೆರಳು ಇಳಿಸಿ ತಳದ ಮೂಲೆಯ ತನಕ ತಡಕಿದಳು. ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಇನ್ನೊಮ್ಮೆ ತಡಕಿದಳು.

ಆಮೇಲೆ ಮಗುವನ್ನು ನನ್ನ ತೋಳಿಗೆ ಹಾಕಿದಳು.