ಮ್ಯೂಸಿಯಂ ಮೇಷ್ಟ್ರು ಕೇಳಿದ ಆಣೆ

ಕಳೆದ ವಾರ ತಿಪಟೂರಿನಲ್ಲಿ ನಮ್ಮ ಇತಿಹಾಸದ ಮೇಷ್ಟ್ರ ಶ್ರದ್ಧಾಂಜಲಿ ಸಭೆಯಿತ್ತು. ಫೋಟೋದ ಮುಂದೆ ಯಾರೋ ಕರ್ಪೂರ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಬಂದುಬಿಟ್ಟೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಒಳಗೆ ಒಳ್ಳೆಯದನ್ನು ಆಡುವವರು ಬೇಕಾದಷ್ಟು ಜನರಿದ್ದರು.

ಕಾಲೇಜಿನ ಹಿಂಬದಿಯ ಎರಡು ಕೋಣೆಗಳೇ ಅವರ ಮ್ಯೂಸಿಯಂ. ವೀರಗಲ್ಲು, ತಾಮ್ರಪಟ, ತುಕ್ಕು ಹಿಡಿದ ಕತ್ತಿಗಳ ನಡುವೆ ಕೂತು ಶಾಸನ ಓದಲು ಅವರು ಆರಿಸಿದ ನಾಲ್ಕೈದು ಮಂದಿಗೆ ಮಾತ್ರ ಪ್ರವೇಶ. ನಮ್ಮ ಜಂಬಕ್ಕೆ ಎಣೆಯಿರಲಿಲ್ಲ. ಒಬ್ಬರನ್ನು ಹೊಗಳಿ ಇನ್ನೊಬ್ಬರ ಹೊಟ್ಟೆ ಉರಿಸುವುದು ಮೇಷ್ಟ್ರಿಗೆ ಕಾಫಿ ಕುಡಿದಷ್ಟೇ ಸಲೀಸು. ಆದರೂ ಕಲ್ಲನ್ನು ಹಾಗೆ ಓದಿಸಿದವರನ್ನು ನಾನು ಮತ್ತೆ ಕಾಣಲಿಲ್ಲ... ಅವರು ಹೋದದ್ದಕ್ಕೆ ನನಗೆ ದುಃಖವೂ ಆಗಿದೆ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ನಮ್ಮಲ್ಲೊಬ್ಬಳು ಮಾಯಸಂದ್ರದ ಗೆಳತಿ. ಅವಳ ಮನೆದೇವರು ಅಂಗೈಯಗಲದ ಕಂಚಿನ ಬಸವಣ್ಣ. ಕಾಲು ಮುರಿದು ಭಿನ್ನವಾಯಿತೆಂದು ಕೆರೆಗೆ ಬಿಡಲು ಹೊರಟಿದ್ದ ಅಜ್ಜಿಯನ್ನು ಒಪ್ಪಿಸಿ, ಅದನ್ನು ಮ್ಯೂಸಿಯಂಗೆ ಕೊಡಿಸಿದವಳು ಇವಳೇ. ಕೊಡುವಾಗ ಅಜ್ಜಿ ಮೇಷ್ಟ್ರಿಗೆ ಒಂದು ಮಾತು ಹೇಳಿದ್ದರು.

"ನಮ್ ಮನೇಲಿ ಬಸವಣ್ಣನ ಮುಂದೆ ಆಣೆ ಇಡೋ ಹಂಗಿಲ್ಲ ಕಣಪ್ಪ. ದಿಟಕ್ಕೂ ಇಡಾಕಿಲ್ಲ. ವಂಶಕ್ಕೆ ತಗಲ್ತದೆ."

ಮೇಷ್ಟ್ರು ಬಹಳ ಆಸಕ್ತಿಯಿಂದ ತಲೆದೂಗಿದ್ದರು.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಬಸವಣ್ಣ ಗಾಜಿನ ಪೆಟ್ಟಿಗೆಯಿಂದ ಮಾಯವಾದ. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಮೇಷ್ಟ್ರ ಹತ್ತಿರ, ಬಿಟ್ಟರೆ ಅವಳ ಹತ್ತಿರ. ಅವರು ಪೊಲೀಸರನ್ನು ಕರೆಯಲಿಲ್ಲ. ಖಾಲಿ ಪೆಟ್ಟಿಗೆಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಕರ್ಪೂರ ಹಚ್ಚಿದರು. ಅದನ್ನು ಕೈಯಿಂದ ಆರಿಸಿ ಆಣೆ ಇಡಬೇಕು, ಇಡದವರಿಗೆ ಹಾಲ್‌ಟಿಕೆಟ್ ಇಲ್ಲ ಎಂದರು. ನಾವೆಲ್ಲ ಇಟ್ಟೆವು. ಅವಳು ಮಾತ್ರ ಕೈಕಟ್ಟಿ ನಿಂತಳು.

"ಅವರ ಮನೇಲಿ ಆಣೆ ಇಡಲ್ಲ ಸಾರ್, ನಿಮಗೇ ಗೊತ್ತಲ್ಲ" ಎಂದೆ.

"ಕಳ್ಳರ ಮನೇಲಿ ಯಾರೂ ಇಡಲ್ಲ ಕಣಮ್ಮ" ಎಂದರು.

ಮರುದಿನ ಅಜ್ಜಿಯೇ ಬಸ್ಸು ಹತ್ತಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ತಾವೇ ತಂದಿದ್ದ ಕರ್ಪೂರ ಹಚ್ಚಿದರು. "ನಮ್ ಕೂಸು ತೆಗ್ದಿಲ್ಲ ಸ್ವಾಮಿ" ಎನ್ನುತ್ತಾ ಬರಿಗೈಯಲ್ಲಿ ಆರಿಸಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೇಷ್ಟ್ರು ಮುಗುಳ್ನಕ್ಕರು.

"ಇದು ಕಾಲೇಜು ಅಜ್ಜಿ. ಮೂಢನಂಬಿಕೆಗೆಲ್ಲ ಇಲ್ಲಿ ಜಾಗ ಇಲ್ಲ."

ಅವಳು ಪರೀಕ್ಷೆ ಬರೆಯಲಿಲ್ಲ. ಓದು ಅಲ್ಲಿಗೇ ನಿಂತಿತು.

ಎಷ್ಟೋ ವರ್ಷಗಳ ನಂತರ, ನಿವೃತ್ತಿಯ ಊಟದ ದಿನ ಹೋಳಿಗೆ ಮುರಿಯುತ್ತಾ ಮೇಷ್ಟ್ರೇ ಬಾಯಿಬಿಟ್ಟರು. ಬಸವಣ್ಣ ಅವರ ಬೀರುವಿನಲ್ಲೇ ಇದ್ದನಂತೆ.

"ಮೇಷ್ಟ್ರನ್ನೂ ಅನುಮಾನಿಸೋ ಬುದ್ಧಿ ನಿಮ್ಮಲ್ಲಿ ಒಬ್ಬರಿಗಾದ್ರೂ ಇದ್ಯಾ ಅಂತ ನೋಡ್ದೆ. ಒಬ್ರಿಗೂ ಇರ್ಲಿಲ್ಲ."

"ಅವಳ ಗತಿ ಸಾರ್?"

"ಆಣೆ ಇಡಬಹುದಿತ್ತಲ್ಲ" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಾನು ಎಲೆ ಬಿಟ್ಟು ಎದ್ದೆ. ಅವಳನ್ನು ಹುಡುಕಿದೆ. ಮದುವೆಯಾಗಿ ಎಲ್ಲಿಗೋ ಹೋಗಿದ್ದಳು, ಸಿಗಲಿಲ್ಲ...

ಕಳೆದ ವಾರ ಆ ಸಭೆಯ ಬಾಗಿಲಲ್ಲಿ ಸಿಕ್ಕ ಸಹಪಾಠಿಯೊಬ್ಬ, ಅವಳು ಮಾಯಸಂದ್ರಕ್ಕೇ ವಾಪಸು ಬಂದಿದ್ದಾಳೆ ಎಂದ. ಅಲ್ಲಿಂದಲೇ ಬಸ್ಸು ಹತ್ತಿದೆ. ಶೆಡ್ಡಿನಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಾ ಕೂತಿದ್ದಳು. ಮೇಷ್ಟ್ರು ಸತ್ತದ್ದನ್ನೂ ಬೀರುವಿನ ಸಂಗತಿಯನ್ನೂ ಒಟ್ಟಿಗೇ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

"ಇದು ಅಜ್ಜಿ ಇದ್ದಾಗ ಗೊತ್ತಾಗ್ಬೇಕಿತ್ತು ಕಣೇ" ಎಂದಳು. "ಆಣೆ ಇಟ್ಟು ಬಂದ್ಮೇಲೆ ಸಾಯೋ ಗಂಟ ಒಂದೇ ಕೇಳ್ತಿತ್ತು, 'ನೀನು ತೆಗ್ದಿಲ್ಲ ಅಲ್ವೇನೇ ಮಗಾ' ಅಂತ."

"ನೀನೇನು ಹೇಳ್ತಿದ್ದೆ?"

"ಇಲ್ಲ ಕಣಜ್ಜಿ ಅಂತಿದ್ದೆ. ಮಾರನೇ ದಿನ ಮತ್ತೆ ಕೇಳ್ತಿತ್ತು."