ಒಳಕೋಣೆ ಗೋಡೆಯ ತೂತು

ಕೇಳಿ ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ, ಅಂದರೆ ಈಗ ಈ ಡೊಳ್ಳು ಹೊಟ್ಟೆ ಇರುವ ಜಾಗದಲ್ಲಿ ಚಡ್ಡಿಯ ಲಾಡಿಯೊಂದೇ ಇದ್ದ ಕಾಲದಲ್ಲಿ, ನನಗೆ ಎಲ್ಲರ ಮೇಲೂ ಅನುಮಾನ. ಡಬ್ಬಿಯಲ್ಲಿ ಬೆಲ್ಲ ಕಡಿಮೆಯಾದರೆ ಬೆಕ್ಕಿನ ಮೇಲೆ ಅನುಮಾನ. ಬೆಲ್ಲ ತಿಂದವನು ನಾನೇ ಆಗಿದ್ದರೂ ಬೆಕ್ಕಿನ ಮೇಲೇ ಅನುಮಾನ. ಹೀಗಿರುವಾಗ ಗುಬ್ಬಿಯ ನಮ್ಮ ಮನೆಯ ಒಳಕೋಣೆಯಲ್ಲಿ, ರಾಗಿ ಚೀಲಗಳ ಹಿಂದೆ, ಗೋಡೆಯಲ್ಲಿ ಒಂದು ತೂತು ಕಾಣಿಸಿಕೊಂಡಿತು.

ನಮ್ಮದು ಮಣ್ಣಿನ ಗೋಡೆಯ ಮನೆ. ಆ ವರ್ಷ ಚಳಿಜ್ವರದ ಸೊಳ್ಳೆ ಕೊಲ್ಲಲು ಸರ್ಕಾರದ ಜನ ಪಂಪು, ಬಕೆಟ್ಟು ಹಿಡಿದು ಬಂದು ಎಲ್ಲರ ಮನೆಯ ಗೋಡೆಗೂ ಡಿಡಿಟಿ ಹೊಡೆದು, ಹೊಡೆದ ಗುರುತಿಗೆ ಗೋಡೆಯ ಮೇಲೆ ತಾರೀಕು ಬರೆದು ಹೋಗಿದ್ದರು. ಒಣಗಿದ ಮೇಲೆ ಗೋಡೆಗೆಲ್ಲ ಬೂದಿ ಬಳಿದ ಹಾಗೆ ಬಿಳಿ ಬಿಳಿ. ಮನೆಯ ತುಂಬ ಮೂಗಿಗೆ ಅಡರುವ ವಾಸನೆ. ತೂತು ದಿನದಿನಕ್ಕೂ ಬೆಳೆದು, ಆ ತಾರೀಕಿನ ಅರ್ಧವನ್ನು ನುಂಗಿಬಿಟ್ಟಿತ್ತು.

ಮೊದಲು ಹೆಗ್ಗಣದ ಮೇಲೆ ಅನುಮಾನಪಟ್ಟೆ. ಆಮೇಲೆ ಇದು ಕನ್ನ ಹಾಕುವ ಕಳ್ಳನದೇ ಕೆಲಸ ಎಂದು ತೀರ್ಮಾನಿಸಿದೆ. ಕಳ್ಳ ಯಾಕೆ ಮನೆಯ ಒಳಗಿನಿಂದ ಹೊರಕ್ಕೆ ಕನ್ನ ಕೊರೆಯುತ್ತಾನೆ ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಇನ್ನೊಂದು. ಸಂಜೆ ತುಮಕೂರಿನ ಬಸ್ಸು ಬಂದುಹೋದ ಮೇಲೆಯೇ ತೂತು ದೊಡ್ಡದಾಗುತ್ತಿತ್ತು. ಹಾಗಾದರೆ ಕಳ್ಳ ಟಿಕೆಟ್ಟು ತೆಗೆದುಕೊಂಡು ಬಸ್ಸಿನಲ್ಲಿ ಬರುತ್ತಾನೆ! ಅಂದಿನಿಂದ ಮನೆ ಮುಂದೆ ಇಳಿಯುವ ಪ್ರತಿಯೊಬ್ಬರನ್ನೂ, ಬುಟ್ಟಿ ಹೊತ್ತ ಅಜ್ಜಿಯರನ್ನೂ ಬಿಡದೆ, ಕೆಕ್ಕರಿಸಿ ನೋಡತೊಡಗಿದೆ.

ಆ ಬಸ್ಸಿಗೆ ನನ್ನ ಹಾಗೆಯೇ ಕಾಯುತ್ತಿದ್ದವಳು ಅಕ್ಕ. ಚೊಚ್ಚಲ ಬಸುರಿ. ಹೆರಿಗೆಗೆಂದು ಕುಣಿಗಲ್ಲಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅವಳ ಸೀಮಂತದ ದಿನ ಭಾವ ಬರಬೇಕಾದ ಬಸ್ಸು ತಡವಾಯಿತು. ಅಪ್ಪ ಕಾಯದೆ ಎಲೆ ಹಾಕಿಸಿ ನೆಂಟರ ಊಟ ಮುಗಿಸಿಬಿಟ್ಟರು. ಬಂದ ಭಾವ ಅಂಗಳದ ಎಂಜಲೆಲೆ ನೋಡಿದವರೇ, ಕಾಲು ತೊಳೆಯಲು ಕೊಟ್ಟ ನೀರನ್ನೂ ಮುಟ್ಟದೆ ಬಂದ ದಾರಿ ಹಿಡಿದರು. ಕರೆಯದೆ ಬರುವುದಿಲ್ಲವೆಂದು ಅವರು, ಕರೆಯುವುದಿಲ್ಲವೆಂದು ಅಪ್ಪ. ಅಕ್ಕ ಮಾತ್ರ ದಿನಾ ಸಂಜೆ ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಬಸ್ಸು ಹೋದ ಮೇಲೆ ಕಣ್ಣಿಗೆ ಧೂಳು ಬಿತ್ತೆಂದು ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಇದನ್ನೆಲ್ಲ ದಿನಾ ಪಕ್ಕದಲ್ಲೇ ನಿಂತು ನೋಡಿಯೂ, ಮಹಾ ಪತ್ತೇದಾರನಾದ ನಾನು ರಸ್ತೆಯ ಕಡೆಗೇ ಕಣ್ಣು ನೆಟ್ಟಿದ್ದೆ.

ಒಂದು ದಿನ ಕಳ್ಳನನ್ನು ಹಿಡಿದೇ ಬಿಡಬೇಕೆಂದು ಅಡುಗೆಮನೆಯಿಂದ ಹಿಡಿ ತುಂಬ ಖಾರದಪುಡಿ ತಂದು ತೂತಿನ ಅಂಚಿಗೆಲ್ಲ ಮೆತ್ತಿದೆ. ಖಾರ ಕಳ್ಳನ ಕೈಗೆ ಹತ್ತಬೇಕು, ಆ ಕೈ ಅವನ ಕಣ್ಣಿಗೆ ಹೋಗಬೇಕು, ಅವನು ಬೊಬ್ಬೆ ಹೊಡೆಯಬೇಕು, ಇದು ನನ್ನ ಯೋಜನೆ. ಮೊದಲು ಆ ಕೈಯಲ್ಲಿ ಕಣ್ಣುಜ್ಜಿಕೊಂಡು ಬೊಬ್ಬೆ ಹೊಡೆದವನು ನಾನು.

ಸಂಜೆ ಬಸ್ಸು ಬಂತು, ಹೋಯಿತು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ನರಳುವ ಸದ್ದು. ಒನಕೆ ಎತ್ತಲು ಹೋಗಿ ಆಗದೆ, ಪೊರಕೆ ಹಿಡಿದು ನುಗ್ಗಿದೆ. ರಾಗಿ ಚೀಲಗಳ ಹಿಂದೆ ಅಕ್ಕ ಬಾಯಿ ಬಿಟ್ಟುಕೊಂಡು ಕೂತಿದ್ದಳು. ತುಟಿ ಕೆಂಪಗೆ ಊದಿತ್ತು. ಕೈಯಲ್ಲಿ ಗೋಡೆಯ ಮಣ್ಣಿನ ಹೆಂಟೆ.

ಅಮ್ಮ ಓಡಿಬಂದು ನೀರು ಕುಡಿಸಿದಳು. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಹೊಸದಲ್ಲವೆಂದು ಅವಳಿಗೆ ಗಾಬರಿಯೇ ಆಗಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ತಾನೂ ತಿಂದಿದ್ದೆ ಎಂದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ನನ್ನನ್ನೂ, ನನ್ನ ಪೊರಕೆಯನ್ನೂ ನೋಡಿದರು.

"ಅದ್ಕೇ ಇವ್ನು ಹಿಂಗಾಗಿರೋದು ಬುಡು."

ಎಲ್ಲರೂ ನಕ್ಕೆವು. ಆದರೆ ಅಪ್ಪ ಬಗ್ಗಿ ಗೋಡೆಯನ್ನು ಬೆರಳಿಂದ ಉಜ್ಜಿ, ಬಿಳಿಯಾದ ಬೆರಳನ್ನು ಮೂಸಿದರು. ಅವರ ನಗು ನಿಂತಿತು. ಔಷಧಿ ಹೊಡೆದವರು ಅನ್ನ, ನೀರಿನ ಪಾತ್ರೆಗಳನ್ನು ಹೊರಗಿಡಿಸಿದ್ದು ನೆನಪಾಗಿರಬೇಕು.

"ಇದು ಸೊಳ್ಳೆ ಸಾಯೋ ಔಷ್ದಿ ಕಣವ್ವ. ಹೊಟ್ಟೇಲಿರೋ ಮಗೀನ ಗತಿ ಏನು?"

ಅಕ್ಕ ತಲೆ ಎತ್ತಲಿಲ್ಲ. "ಬಸ್ಸು ಹೊಂಟೋಯ್ತಿದ್ದಂಗೆ ಎದೆ ಡವಡವ ಅಂತದೆ ಕಣಪ್ಪ. ಇದ್ನ ಬಾಯ್ಗಾಕಂಡ್ರೆ ವಸಿ ತಣ್ಣಗಾಯ್ತದೆ. ನೀನು ಕರಿಯಲ್ಲ, ಅವ್ರು ಬರಲ್ಲ. ಈ ಮಗ ಯಾರ್ ಮನೇದು?"

ಅಪ್ಪ ಗುದ್ದಲಿ ತಂದು ಆ ಗೋಡೆಯ ಮೇಲುಮಣ್ಣನ್ನೆಲ್ಲ ಕೆರೆದು ಹೊರಗೆ ಹಾಕಿದರು. ಬೆಳಿಗ್ಗೆ ಕೋಟು ತೊಟ್ಟು, ಛತ್ರಿ ಹಿಡಿದು ಬಸ್ಸು ಹತ್ತಿದರು. ಮಳೆಗಾಲವಲ್ಲ, ಮೋಡವೂ ಇರಲಿಲ್ಲ. ಆ ಛತ್ರಿ ಭಾವನ ಬೆನ್ನಿಗೇ ಎಂದು ನನಗೆ ಬಲವಾದ ಅನುಮಾನ.

ಮರುದಿನ ಸಂಜೆಯ ಬಸ್ಸಿನಿಂದ ಅಪ್ಪ ಇಳಿದರು. ಅವರ ಹಿಂದೆ ಭಾವ ಇಳಿದರು. ಇಬ್ಬರ ನಡುವೆ ಮಾತಿರಲಿಲ್ಲ, ಆದರೆ ಛತ್ರಿ ಭಾವನ ಕೈಯಲ್ಲಿತ್ತು. ಅಕ್ಕ ಕಂಬ ಬಿಟ್ಟು, ಕಾಲಿಗೆ ನೀರು ತರಲು ತಾನೇ ಬಚ್ಚಲಿಗೆ ಓಡಿದಳು. ಓಡಬೇಡವೇ ಎಂದು ಅಮ್ಮ ಹಿಂದಿನಿಂದ ಬೈದಳು.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಓರಗೆಯ ಮಕ್ಕಳು ವಟವಟ ಎನ್ನುವಾಗಲೂ ಅದು ಸುಮ್ಮನಿತ್ತು. ಮಾತು ತಡವಾಗಿ ಬಂತು. ಅಮ್ಮನಿಗೆ ಔಷಧಿಯ ಮೇಲೆ ಅನುಮಾನ, ಅಪ್ಪನಿಗೆ ತಮ್ಮ ಹಟದ ಮೇಲೆ ಅನುಮಾನ, ನನಗೆ ಖಾರದಪುಡಿಯ ಮೇಲೆ. ತಡವಾಗಿ ಮಾತು ಕಲಿಯುವ ಮಕ್ಕಳು ಎಲ್ಲ ಕಡೆ ಇರುತ್ತಾರೆ. ಇದು ಯಾವುದರಿಂದ ಎಂದು ಇವತ್ತಿಗೂ ಯಾರೂ ಹೇಳಲಾರರು. ಆದರೆ ಹೊಟ್ಟೆಯಲ್ಲಿ ಮಗುವಿನ ಮಿದುಳು ಕಟ್ಟಿಕೊಳ್ಳುವಾಗ ತಾಯಿ ತಿಂದದ್ದು, ಉಸಿರಾಡಿದ್ದು, ಒಳಗೊಳಗೇ ಕೊರಗಿದ್ದು ಎಲ್ಲವೂ ಅಲ್ಲಿಗೆ ಮುಟ್ಟಬಹುದು ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಸಿದವರು ನಿಮ್ಮ ಅಮ್ಮನನ್ನು ನೋಡುತ್ತಿದ್ದ ಡಾಕ್ಟರು.

ನೀವು ಹೊಟ್ಟೆಯಲ್ಲಿದ್ದಾಗಿನ ಕಾಲವೇ ಬೇರೆ. ಮರಳೂರಿನ ಈ ಮನೆಗೆ ಬಣ್ಣ ಹೊಡೆಯಲು ಬಂದವರನ್ನು, ಪೇಂಟಿನ ವಾಸನೆ ಬೇಡವೆಂದು ನಿಮ್ಮ ಅಪ್ಪ ಬಾಗಿಲಿಂದಲೇ ವಾಪಸು ಕಳಿಸಿದ. ರಕ್ತ ಪರೀಕ್ಷೆ, ಸ್ಕ್ಯಾನು, ಕಬ್ಬಿಣದ ಮಾತ್ರೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು, "ಚೆನ್ನಾಗಿ ನಿದ್ದೆ ಬರ್ತಿದ್ಯಾ? ಮನೇಲಿ ಯಾರಾದ್ರೂ ಮನಸ್ಸಿಗೆ ಬೇಜಾರ್ ಮಾಡ್ತಾರಾ?" ಎಂದು ಕೇಳುತ್ತಾ, ಕನ್ನಡಕದ ಮೇಲಿಂದ ನನ್ನ ಕಡೆ ಅನುಮಾನದಿಂದ ನೋಡಿದರು. ನಿಮ್ಮ ಅಮ್ಮ ನಕ್ಕು, ಯಾರೂ ಇಲ್ಲ ಎಂದಳು. ನಮ್ಮ ಕಾಲದಲ್ಲಿ ಬಸುರಿ ಏನು ತಿನ್ನಬೇಕೆಂದು ಇಡೀ ಬೀದಿಯೇ ಹೇಳುತ್ತಿತ್ತು. ಮನಸ್ಸಿಗೆ ಬೇಜಾರಿದೆಯಾ ಎಂಬ ಈ ಮಾತನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ನನಗೇಕೋ ಅವಳ ಆ ನಗುವಿನ ಮೇಲೆ ಅನುಮಾನ. ಮನೆಗೆ ಬಂದ ಮೇಲೆ, ನಿಜ ಹೇಳಮ್ಮ ಎಂದು ನಾನೇ ಇನ್ನೊಂದು ಸಲ ಕೇಳಿದೆ. ಆಗ ಹೇಳಿದಳು:

"ಟಿವಿ ಸೌಂಡು ವಸಿ ಕಮ್ಮಿ ಇಟ್ಕೊಳಿ ಮಾವ."

ಅವತ್ತಿನಿಂದ ನಾನು ವಾರ್ತೆಯನ್ನು ಓದುವವರ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದೇನೆ.