ಟೀಚರ್ ಮುಗಿಸದ ಓಟ

ನಮ್ಮ ಡ್ರಿಲ್ ಟೀಚರ್ ಸುಮ್ಮನೆ ನಡೆಯುವಾಗಲೂ ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿರುತ್ತಿತ್ತು, ಎದುರಿನಿಂದ ಯಾರೋ ಹಗ್ಗ ಹಿಡಿದು ಎಳೆಯುತ್ತಿರುವ ಹಾಗೆ. ಅವರ ತಂದೆ ಕಂಬಳದಲ್ಲಿ ಕೋಣ ಓಡಿಸುತ್ತಿದ್ದವರು. ಹುಡುಗಿಯರು ಕಂಬಳಕ್ಕೆ ಇಳಿಯುವಂತಿಲ್ಲ. ಆದರೆ ನೋಡುವವರಿಲ್ಲದಾಗ ಮಗಳ ಕೈಗೂ ಹಗ್ಗ ಕೊಟ್ಟು ಕೆಸರುಗದ್ದೆಯಲ್ಲಿ ಓಡಿಸಿದ್ದರಂತೆ. ಕೋಣಗಳ ಹಿಂದೆ ಓಡುವವರು ಮೈಯನ್ನು ಹಿಂದಕ್ಕೆ ಚೆಲ್ಲದಿದ್ದರೆ ಮುಗ್ಗರಿಸುವುದೇ ಸೈ.

ಆ ಕಾಲುಗಳ ಬಲದಿಂದ ಅವರು ಎಪ್ಪತ್ತರ ದಶಕದಲ್ಲಿ ಬಂಟ್ವಾಳ, ಬೆಳ್ತಂಗಡಿ ಎಲ್ಲ ಗೆದ್ದು ರಾಜ್ಯದ ಕ್ರೀಡಾಕೂಟಕ್ಕೆ ಹೋದರು. ನೂರು ಮೀಟರಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಗೆಲುವಿನ ಗೆರೆಯ ನೂಲು ಹತ್ತಿರ ಬಂದಾಗ ಮೈ ತನ್ನಷ್ಟಕ್ಕೆ ಹಿಂದೆ ವಾಲಿತು. ಪಕ್ಕದವಳು ಎದೆ ಮುಂದೊಡ್ಡಿ ಗೆದ್ದುಬಿಟ್ಟಳು. ಟೀಚರನ್ನು ಮತ್ತೆ ಯಾವ ಕೂಟಕ್ಕೂ ಯಾರೂ ಕರೆಯಲಿಲ್ಲ.

ಎಂಬತ್ತರ ದಶಕದಲ್ಲಿ, ಸಿದ್ಧಕಟ್ಟೆಯ ಶಾಲೆಯಲ್ಲಿ, ನಾನು ಅವರ ಕೈಗೆ ಸಿಕ್ಕಿದೆ. ಅವರ ಮೇಜಿನ ಗಾಜಿನ ಕೆಳಗೆ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದಿತ್ತು. ಅಮೆರಿಕದ ಕಪ್ಪು ಓಟಗಾರ್ತಿಯೊಬ್ಬಳು ಎದೆಯಿಂದ ನೂಲು ಹರಿಯುತ್ತಿದ್ದಳು. “ಇವಳನ್ನು ನೋಡು ಮಾರಾಯ್ತಿ. ಕಾಲು ಎಲ್ಲರಿಗೂ ಉಂಟು, ಎದೆ ಕೊಡ್ಲಿಕ್ಕೆ ಕಲೀಬೇಕು” ಎನ್ನುತ್ತಿದ್ದರು. ವಾಲಿದರೆ ಬೆನ್ನಿಗೊಂದು ಗುದ್ದು ಖಾತ್ರಿ.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ನೂಲಿನ ಒಂದು ತುದಿ ಗೇರುಮರಕ್ಕೆ, ಇನ್ನೊಂದು ನನ್ನ ಕೈಗೆ. ಸೀರೆ ಎತ್ತಿ ಕಟ್ಟಿ ಟೀಚರ್ ಒಬ್ಬರೇ ಓಡಿ ಬರುತ್ತಿದ್ದರು. ನನಗೆ ಅಷ್ಟು ಕಲಿಸಿದವರು ನೂಲಿನ ಹತ್ತಿರ ಪ್ರತಿ ಸಲವೂ ತಾವೇ ವಾಲುತ್ತಿದ್ದರು. ಆಮೇಲೆ ಏದುಸಿರು ಬಿಡುತ್ತಾ ಕೇಳುತ್ತಿದ್ದರು: “ಯಾರು ಮೊದಲು?”

“ನೀವೊಬ್ಬರೇ ಅಲ್ವಾ ಟೀಚರ್ ಓಡಿದ್ದು?”

“ಪಕ್ಕದಲ್ಲಿ ಅವಳೂ ಬಂದಳಲ್ಲ, ಅವತ್ತು ನನ್ನನ್ನು ಸೋಲಿಸಿದವಳು. ನಿನಗೆ ಕಾಣ್ಲಿಲ್ವಾ?”

ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಅಂದಿನಿಂದ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಹೆದರಿಕೆಯಾಗುತ್ತಿತ್ತು.

ಮೂಡುಬಿದಿರೆಯ ಕೂಟದಲ್ಲಿ ನಾನು ಎದೆ ಕೊಟ್ಟು ಗೆದ್ದೆ. ಇನ್ನಾದರೂ ಅವಳ ಕಾಟ ತಪ್ಪಲಿ ಎಂದು ಓಡಿಹೋಗಿ, “ಅವಳು ಹಿಂದೆ ಉಳಿದಳು ಟೀಚರ್” ಎಂದೆ. ಅವರು ನನ್ನ ತಲೆ ಸವರಿದರು. “ಅದು ನಿನ್ನ ಓಟ. ನಂದು ಇನ್ನೂ ಬಾಕಿ ಉಂಟು.” ಮರುದಿನ ಸಂಜೆ ಮತ್ತೆ ನೂಲು ಕಟ್ಟಿದರು.

ಕೆಲವೇ ವರ್ಷಗಳಲ್ಲಿ ಕಾಯಿಲೆ ಅವರನ್ನು ಮಲಗಿಸಿತು. ಕೊನೆಯ ದಿನ ಆಸ್ಪತ್ರೆಗೆ ಹೋದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಹೊದಿಕೆಯೊಳಗೆ ಕಾಲುಗಳು ಮಾತ್ರ ಒಂದೇ ಸಮನೆ ಆಡುತ್ತಿದ್ದವು. ಅವರ ಅಕ್ಕ ಗಾಬರಿಯಾಗಿ ಪಾದಗಳನ್ನು ಒತ್ತಿ ಹಿಡಿದಿದ್ದರು.

“ಹಿಡೀಬೇಡಿ ಅಕ್ಕ, ಓಡ್ಲಿ” ಎಂದೆ.

ಅಕ್ಕ ಕೈ ಬಿಟ್ಟರು. ನನಗೆ ಗೆಲ್ಲಲು ಕಲಿಸಿದವರಿಗಾಗಿ ನನ್ನಿಂದ ಆದದ್ದು ಅಷ್ಟೇ. ಟೀಚರ್ ಓಡುತ್ತಲೇ ಹೋದರು.